ಸೇದಿದವನಿಗೆ ಚಿಕಿತ್ಸೆ, ಸಾಗಿಸಿದವನಿಗೆ ಶಿಕ್ಷೆ

ಮಾನ್ಯ ಸಂಪಾದಕರೇ,

ಮಂಗಳೂರಿನಲ್ಲಿ ಗಾಂಜಾ ಸೇದಿದ ಹುಡುಗರ ಮೇಲೆ ಪ್ರಕರಣ ದಾಖಲಾದ ಸುದ್ದಿಯನ್ನು ಆಗಾಗ ಓದುತ್ತೇವೆ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮಿನಂತೆ ಸೇವನೆಯೇ ಅಪರಾಧ ನಿಜ. ಆದರೆ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ತಾನಾಗಿ ಚಿಕಿತ್ಸೆಗೆ ಮುಂದಾಗುವ ವ್ಯಸನಿಗೆ ವಿಚಾರಣೆಯಿಂದ ವಿನಾಯಿತಿ ನೀಡುವ 64ಎ ಕಲಮೂ ಅದರಲ್ಲಿಯೇ ಇದೆಯೆಂಬುದು ಎಷ್ಟು ಹೆತ್ತವರಿಗೆ ಗೊತ್ತು? ನಮ್ಮ ನೆರೆಮನೆಯ ಹುಡುಗ ಗಲ್ಫಿಗೆ ಹೊರಟು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಾಗ ಹಳೆಯ ಪ್ರಕರಣ ಅಡ್ಡ ಬಂತು. ಪೊಟ್ಟಣ ಮಾರಿದವನು ಯಾರೆಂಬುದು ಮಾತ್ರ ಇಂದಿಗೂ ತಿಳಿದಿಲ್ಲ. ನಶೆಗೆ ಹಣ ಹೊಂದಿಸಲು ಸರ ಕೀಳುವವರಿದ್ದಾರೆ, ಅಲ್ಲಗಳೆಯಲಾರೆ. ಆದರೆ ಆ ಚಟ ಜೈಲಿನಲ್ಲಿ ಬಿಟ್ಟುಹೋಗುವುದೆಂದು ನಾನಂತೂ ನಂಬೆ. ಪೋರ್ಚುಗಲ್ 2001ರಲ್ಲಿ ಸ್ವಂತ ಬಳಕೆಯ ಅಲ್ಪ ಪ್ರಮಾಣವನ್ನು ಕ್ರಿಮಿನಲ್ ಅಪರಾಧದ ಪಟ್ಟಿಯಿಂದ ಕೈಬಿಟ್ಟರೂ ಮಾರಾಟಕ್ಕೆ ಶಿಕ್ಷೆಯನ್ನು ಉಳಿಸಿಕೊಂಡಿತು. ನಮ್ಮ ಕಾಯ್ದೆಯೂ ಹಾಗೆ ತಿದ್ದುಪಡಿಯಾಗುವವರೆಗೆ, ಠಾಣೆಗೆ ಬಂದ ಹೆತ್ತವರಿಗೆ ಪೊಲೀಸರು 64ಎ ಕುರಿತು ಕನ್ನಡದಲ್ಲೊಂದು ಚೀಟಿಯನ್ನಾದರೂ ಕೊಡಲಿ.

– ಓರ್ವ ಓದುಗ, ಕದ್ರಿ, ಮಂಗಳೂರು