ಆ್ಯಂಕರ್ ಕಟ್ಟುವುದನ್ನು ಹೊಸಬರು ಕಲಿಯಬೇಕೇ?

ಮಾನ್ಯ ಸಂಪಾದಕರೇ,

ಮುಳ್ಳಯ್ಯನಗಿರಿಯ ಮಗ್ಗುಲಲ್ಲೇ ಇರುವ ನಮಗೆ ಬೆಟ್ಟ ಹತ್ತುವುದು ಹೊಸತಲ್ಲ. ಆದರೆ ಹಗ್ಗ ಕಟ್ಟಿಕೊಂಡು ಬಂಡೆ ಏರುವುದು ಬೇರೆಯದೇ ವಿದ್ಯೆ. ರಾಮನಗರದ ಬಂಡೆಗಳಲ್ಲಿ ಬೇರೆಯವರು ಮೇಲೆ ಕಟ್ಟಿಕೊಟ್ಟ ಹಗ್ಗವನ್ನು ನಂಬಿ ಮೂರು ನಾಲ್ಕು ಸಲ ಹತ್ತಿಳಿದಿರುವ ನನ್ನ ಮಗಳು, ಆ ಹಗ್ಗವನ್ನು ಬಂಡೆಗೋ ಮರಕ್ಕೋ ಭದ್ರಪಡಿಸುವ ಆ್ಯಂಕರ್ ಕಟ್ಟುವುದನ್ನು ಕಲಿಸುವ ಎರಡು ದಿನಗಳ ತರಗತಿಗೆ ಸೇರುತ್ತೇನೆ ಎಂದಾಗ, ಹತ್ತುವುದೇ ನೆಟ್ಟಗೆ ಬಾರದವಳಿಗೆ ಇದೇಕೆ ಎಂದು ಮೊದಲು ನಾನೂ ಮೂಗು ಮುರಿದಿದ್ದೆ.

ವಿಚಾರಿಸುತ್ತಾ ಹೋದಂತೆ ಅಭಿಪ್ರಾಯ ಬದಲಾಯಿತು. ತಪ್ಪಾಗಿ ಕಟ್ಟಿದ ಆ್ಯಂಕರ್ ಕೂಡ ಹೆಚ್ಚಿನ ದಿನ ಭಾರ ಹೊತ್ತೇ ಇರುತ್ತದೆ; ಆದ್ದರಿಂದ ವಿಡಿಯೋ ನೋಡಿ ಕಲಿತವರಿಗೆ ತಮ್ಮ ತಪ್ಪು ಕಾಣುವುದೇ ಇಲ್ಲ. ಬಂಡೆಯಲ್ಲಿ ಕೊರೆದು ಕೂರಿಸಿದ ಎರಡು ಬೋಲ್ಟ್‌ಗಳಿಂದ ಬರುವ ಪಟ್ಟಿಗಳ ನಡುವಿನ ಕೋನ 60 ಡಿಗ್ರಿ ಇದ್ದರೆ, ತೂಗುವ 70 ಕಿಲೋ ಭಾರದಲ್ಲಿ ಒಂದೊಂದು ಬೋಲ್ಟ್ ಮೇಲೆ ಸುಮಾರು 40 ಕಿಲೋ ಬೀಳುತ್ತದೆ. ಕೋನ 120 ಡಿಗ್ರಿಗೆ ಅಗಲವಾದರೆ ಎರಡರ ಮೇಲೂ ಪೂರ್ತಿ 70 ಕಿಲೋ ಬೀಳುತ್ತದೆ, ಅಂದರೆ ಎರಡು ಬೋಲ್ಟ್ ಬಳಸಿಯೂ ಭಾರ ಹಂಚಿದಂತಾಗುವುದಿಲ್ಲ. ಹಗ್ಗವನ್ನು ಕ್ಯಾರಬಿನರ್ ಎಂಬ ಲೋಹದ ಕೊಂಡಿ ಇಲ್ಲದೆ ನೇರವಾಗಿ ನೈಲಾನ್ ಪಟ್ಟಿಯೊಳಗೆ ತೂರಿಸಿ ಎಳೆದರೆ, ಉಜ್ಜಿದ ಬಿಸಿಗೆ ಪಟ್ಟಿ ಕರಗಿ ತುಂಡಾಗಬಹುದು. ಒಂದು ಬೋಲ್ಟ್ ಕಿತ್ತು ಬಂದರೂ ಇನ್ನೊಂದು, ಜಗ್ಗಾಟವಿಲ್ಲದೆ, ಪೂರ್ತಿ ಭಾರ ಹಿಡಿಯಬೇಕು. ಇವೆಲ್ಲ ಗೊತ್ತಿರಬೇಕಾದದ್ದು ಕಟ್ಟುವವನಿಗೆ ಮಾತ್ರವಲ್ಲ, ಅದನ್ನು ನಂಬಿ ತೂಗುವವನಿಗೂ ಹೌದು ಎಂಬುದೇ ನನ್ನ ಮನಸ್ಸು ಬದಲಿಸಿದ ಸಂಗತಿ. ನಮ್ಮ ತೋಟದಲ್ಲಿ ಮರಕಸಿಗೆ ಹತ್ತುವ ಹಿರಿಯರೊಬ್ಬರು ಗಾಳಿಗೆ ಮುರಿಯುವ ಸಿಲ್ವರ್ ಓಕ್ ಕೊಂಬೆಗೆ ಎಂದೂ ಹಗ್ಗ ಬಿಗಿಯುವುದಿಲ್ಲ. ಅದೂ ಇದೇ ಬಗೆಯ ತಿಳಿವಳಿಕೆ.

ಹಾಗೆಂದು ನಾಳೆಯೇ ಸೇರಲಿ ಎನ್ನಲಾರೆ. ಕೆಳಗೆ ನಿಂತು ಹಗ್ಗ ಹಿಡಿಯುವ ಬಿಲೇ ಅವಳಿಗೆ ಇನ್ನೂ ಕೈಗೆ ಕೂತಿಲ್ಲ. ಹತ್ತುವವರು ಹಗ್ಗವನ್ನು ಸೊಂಟಪಟ್ಟಿಗೆ ಬಿಗಿದುಕೊಳ್ಳುವ ಎಂಟರ ಗಂಟನ್ನು ಕಣ್ಣು ಮುಚ್ಚಿ ಹಾಕಲು ಬರುವುದಿಲ್ಲ. ಇವು ಬಾರದೆ ಹೋದರೆ ತರಗತಿಯ ಮೊದಲ ದಿನವೆಲ್ಲ ಗಂಟು ಕಲಿಯುವುದರಲ್ಲೇ ಕಳೆದು, ಇಲ್ಲಿಂದ 200 ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ಬಂದದ್ದು ದಂಡವಾದೀತು. ಒಬ್ಬ ತರಬೇತುದಾರರಿಗೆ ಎಷ್ಟು ಮಂದಿ, ಪ್ರತಿಯೊಬ್ಬರೂ ಸ್ವಂತ ಕೈಯಿಂದ ಕಟ್ಟಿದ್ದನ್ನು ಅವರು ಪರೀಕ್ಷಿಸುತ್ತಾರೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಬೇಕು. ಹತ್ತು ಹದಿನೈದು ಮಂದಿ ಸುತ್ತ ನಿಂತು ನೋಡುವ ತರಗತಿಗಿಂತ ವಿಡಿಯೋವೇ ಅಗ್ಗ. ತರಗತಿ ಮುಗಿದ ಮೇಲೂ ಕೆಲವು ತಿಂಗಳು, ಅವಳು ಕಟ್ಟಿದ್ದನ್ನು ಅನುಭವಿಗಳು ನೋಡದೆ ಯಾರೂ ಅದಕ್ಕೆ ತೂಗಬಾರದು ಎಂಬುದು ನನ್ನ ಷರತ್ತು.

ಸದ್ಯಕ್ಕೆ ಜಗಲಿಯ ಕಂಬಕ್ಕೆ ದಿನವೂ ಗಂಟು ಬೀಳುತ್ತಿದೆ. ಮಳೆಗಾಲ ಕಳೆದು ಬಂಡೆ ಒಣಗುವ ಹೊತ್ತಿಗೆ ಬಿಲೇ ಕಲಿತಿದ್ದರೆ ಶುಲ್ಕ ಕಟ್ಟುವುದಾಗಿ ಒಪ್ಪಿದ್ದೇನೆ.

– ಒಬ್ಬ ಕಾಫಿ ಬೆಳೆಗಾರ, ಚಿಕ್ಕಮಗಳೂರು