ಸೋರುವ ಕಾರ್ಬುರೇಟರ್ ಎಸೆಯುವ ಮೊದಲು ಬಿಚ್ಚಿ ನೋಡಿ

ಮಾನ್ಯ ಸಂಪಾದಕರೇ,

ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ, ಹಳೆಯ ಬೈಕಿನ ಕಾರ್ಬುರೇಟರ್ ಸೋರತೊಡಗಿದರೆ ಈಗ ಗ್ಯಾರೇಜ್‌ಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು, ‘ಇದು ಹೋಯ್ತು, ಫುಲ್ ಸೆಟ್ಟೇ ಹಾಕ್ಬೇಕು’ ಎಂಬುದು. 1996ರವರೆಗೆ ಮೈಸೂರಿನಲ್ಲಿ ತಯಾರಾದ ಯೆಜ್ಡಿ, ಅದೇ ವರ್ಷ ನಿಂತುಹೋದ ಆರ್‌ಎಕ್ಸ್ 100, ಹಳೆಯ ಬುಲೆಟ್‌ಗಳು ನಮ್ಮ ಊರುಗಳಲ್ಲಿ ಇನ್ನೂ ಓಡುತ್ತಿವೆ. ಅವುಗಳ ಜೊತೆ ಬಂದ ಕಾರ್ಬುರೇಟರನ್ನು ಗುಜರಿಗೆ ಹಾಕಿ, ಜೆಟ್ಟಿನ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಭಾಗ) ನಂಬರ್ ಕೂಡ ಸರಿಯಿಲ್ಲದ ನಕಲಿ ಮಾಲು ಕೂರಿಸುವುದು ದುಡ್ಡಿನ ನಷ್ಟವಷ್ಟೇ ಅಲ್ಲ, ಎಂಜಿನ್ನಿಗೂ ಕೇಡು. ಸೋರಿಕೆಯ ಮೂಲ ಹೆಚ್ಚಿನ ಸಲ ಪೆಟ್ರೋಲ್ ಒಳಬರುವ ದಾರಿ ಮುಚ್ಚುವ ಒಂದು ನೀಡಲ್, ಒಂದು ವಾಷರ್ ಅಥವಾ ಒಂದು ರಬ್ಬರ್ ರಿಂಗ್. ಅದನ್ನು ಹುಡುಕುವ ಕ್ರಮವನ್ನು ಓದುಗರ ಮುಂದಿಡಲು ಈ ಪತ್ರ.

ಮೊದಲು ಎಚ್ಚರಿಕೆಯ ಮಾತು. ಜಾಗವಿಲ್ಲದ ಮನೆಗಳಲ್ಲಿ ರಾತ್ರಿ ಬೈಕನ್ನು ಹಜಾರದಲ್ಲೋ ಮೆಟ್ಟಿಲ ಕೆಳಗೋ ನಿಲ್ಲಿಸುವುದು ರೂಢಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ಕೂರುತ್ತದೆ. ಒಲೆ, ದೀಪ, ಕಡೆಗೆ ಸ್ವಿಚ್ಚಿನ ಕಿಡಿಯೂ ಸಾಕು. ಸೋರುವ ಬೈಕನ್ನು ಸರಿಯಾಗುವವರೆಗೆ ಮನೆಯೊಳಗೆ ತರಲೇಬಾರದು. ಬಿಚ್ಚುವ ಕೆಲಸವೂ ಬಯಲಿನಲ್ಲೇ ನಡೆಯಬೇಕು, ಎಂಜಿನ್ ತಣ್ಣಗಾದ ಮೇಲೆ, ಬ್ಯಾಟರಿ ವಯರ್ ಕಳಚಿಟ್ಟು.

ಸೋರುತ್ತಿರುವುದು ಎಲ್ಲಿಂದ ಎಂದು ತಿಳಿಯದೆ ಸ್ಕ್ರೂಗೆ ಕೈ ಹಾಕಬಾರದು. ಕಾರ್ಬುರೇಟರನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ (ನಲ್ಲಿ) ತೆರೆದು ಟಾರ್ಚ್ ಹಿಡಿದು ಕಾಯಬೇಕು. ಓವರ್‌ಫ್ಲೋ ಪೈಪಿನಿಂದ ತೊಟ್ಟಿಕ್ಕಿದರೆ ಒಳಗಿನ ಮಟ್ಟ ಏರುತ್ತಿದೆ ಎಂದರ್ಥ. ಪೆಟ್ರೋಲ್ ನಿಲ್ಲುವ ಕೆಳಗಿನ ಕಪ್ ಮತ್ತು ಬಾಡಿ ಸೇರುವ ಗೆರೆ ಒದ್ದೆಯಾದರೆ ನಡುವಿನ ಪ್ಯಾಕಿಂಗ್ ಹೋಗಿದೆ. ತಳದ ಡ್ರೈನ್ ಸ್ಕ್ರೂ ಬಳಿ ಹನಿ ನಿಂತರೆ ಅದರ ವಾಷರ್ ಸಾಕು, ಮಿಕ್ಕಿದ್ದನ್ನು ಮುಟ್ಟಬೇಕಿಲ್ಲ.

ಕಾಕ್ ಮುಚ್ಚಿದ್ದರೂ ಸೋರಿದರೆ ತೊಂದರೆ ಎರಡು ಕಡೆ ಇದೆ. ಕಾಕ್ ಹಿಡಿಯುತ್ತಿಲ್ಲ, ಕೆಳಗೆ ನೀಡಲ್ಲೂ ಹಿಡಿಯುತ್ತಿಲ್ಲ. ಕಾರ್ಬುರೇಟರ್ ಕಡೆಯ ಪೈಪ್ ಕಳಚಿ, ತುದಿಯನ್ನು ಗಾಜಿನ ಬಾಟಲಿಗೆ ಇಳಿಬಿಟ್ಟು, ಕಾಕ್ ಆಫ್ ಮಾಡಿ ಹೊರಗೇ ಒಂದೆರಡು ಗಂಟೆ ಬಿಟ್ಟರೆ ಕಾಕಿನ ಸ್ಥಿತಿ ತಿಳಿಯುತ್ತದೆ. ಇದನ್ನು ಹಗುರವಾಗಿ ನೋಡಬಾರದು. ರಾತ್ರಿಯಿಡೀ ಇಳಿದ ಪೆಟ್ರೋಲ್ ಟೂ ಸ್ಟ್ರೋಕ್ ಬೈಕಿನಲ್ಲಿ ಕ್ರ್ಯಾಂಕ್‌ಕೇಸ್ ಸೇರುತ್ತದೆ. ಬೆಳಿಗ್ಗೆ ಕಿಕ್ಕರ್ ಕಲ್ಲಿನಂತೆ ನಿಂತರೆ ಮೇಲೆ ನಿಂತು ಒದೆಯಬಾರದು, ಪ್ಲಗ್ ಬಿಚ್ಚಿ ಪೆಟ್ರೋಲನ್ನು ಹೊರಹಾಕಬೇಕು. ಫೋರ್ ಸ್ಟ್ರೋಕ್‌ನಲ್ಲಿ ಅದು ಎಂಜಿನ್ ಆಯಿಲ್‌ಗೆ ಬೆರೆಯಬಹುದು. ಆಯಿಲ್ ಮಟ್ಟ ಏರಿದ್ದರೆ ಅಥವಾ ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಿಸದೆ ಸ್ಟಾರ್ಟ್ ಮಾಡಲೇಬಾರದು. ತೆಳುವಾದ ಆಯಿಲ್‌ನಲ್ಲಿ ಬೇರಿಂಗ್ ಉಳಿಯುವುದಿಲ್ಲ.

ಇನ್ನು ಒಳಗಿನ ವಿಷಯ. ಫ್ಲೋಟ್ ಮಾಡುವ ಕೆಲಸ ಮನೆಯ ಮೇಲಿನ ಟ್ಯಾಂಕಿನ ಬಾಲ್ ವಾಲ್ವ್ ಮಾಡುವುದೇ. ಪೆಟ್ರೋಲ್ ಏರಿದಂತೆ ಫ್ಲೋಟ್ ಏರಿ, ಅದರ ತಗಡಿನ ನಾಲಿಗೆ ನೀಡಲನ್ನು ಸೀಟಿಗೆ, ಅಂದರೆ ಪೆಟ್ರೋಲ್ ಒಳಬರುವ ತೂತಿನ ಬಾಯಿಗೆ ಒತ್ತುತ್ತದೆ. ನೀಡಲ್‌ನ ಕೋನದ ಮೇಲೆ ಉಗುರು ಆಡಿಸಿ ನೋಡಿ. ಸುತ್ತಲೂ ಸಣ್ಣ ಗೀರು ಬಳೆಯಂತೆ ಬಿದ್ದಿದ್ದರೆ ಅದು ಇನ್ನು ಹಿಡಿಯುವುದಿಲ್ಲ. ಸ್ಪ್ರಿಂಗ್ ಇರುವ ನೀಡಲ್ ಆದರೆ ಹಿಂಬದಿಯ ಪುಟ್ಟ ಪಿನ್ ಒತ್ತಿದಾಗ ಒಳಹೋಗಿ ತಾನಾಗಿ ಹೊರಬರಬೇಕು. ಅದು ಸಿಕ್ಕಿಕೊಂಡರೆ ರಸ್ತೆಯ ಅದುರಿಗೆ ನೀಡಲ್ ಸೀಟಿನಿಂದ ಏಳುತ್ತಿರುತ್ತದೆ. ನಿಂತಾಗ ಸೋರದೆ ಓಡುವಾಗ ಮಾತ್ರ ಸೋರುವ ಬೈಕ್‌ಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಹೊಸ ನೀಡಲ್ ಹಾಕಿದರೂ ಸೋರಿಕೆ ನಿಲ್ಲಲಿಲ್ಲ ಎಂಬ ದೂರು ಬಹಳ ಸಾಮಾನ್ಯ. ಎರಡು ಕಾರಣ ಹೇಳಬಹುದು. ಹಳೆಯ ನೀಡಲ್ ಜೊತೆ ಸವೆದ ಸೀಟಿಗೆ ಹೊಸ ನೀಡಲ್ ಹೊಂದುವುದಿಲ್ಲ, ಜೋಡಿಯಾಗಿಯೇ ಬದಲಿಸಬೇಕು. ಎರಡನೆಯದನ್ನು ನುರಿತವರೂ ಮರೆಯುತ್ತಾರೆ. ಮಿಕುನಿ ಕಂಪನಿಯ ವಿಎಂ ಮಾದರಿಯ ಕಾರ್ಬುರೇಟರಿನಲ್ಲಿ ಸೀಟನ್ನು ಥ್ರೆಡ್ ಮೂಲಕ ಬಾಡಿಗೆ ಬಿಗಿದಿರುತ್ತಾರೆ, ಅದರ ಕೆಳಗೆ ಒಂದು ತೆಳು ವಾಷರ್ ಇರುತ್ತದೆ. ಅದು ಚಪ್ಪಟೆಯಾದರೆ ಪೆಟ್ರೋಲ್ ನೀಡಲ್ಲನ್ನು ಬಿಟ್ಟು ಥ್ರೆಡ್ ಸುತ್ತಲಿಂದ ಇಳಿಯುತ್ತದೆ, ನೀಡಲ್ ಎಷ್ಟು ಸಲ ಬದಲಿಸಿದರೂ ಫಲವಿಲ್ಲ. ಕೆಲವು ಕಾರ್ಬುರೇಟರ್‌ಗಳಲ್ಲಿ ಸೀಟನ್ನು ಬಾಡಿಗೇ ಒತ್ತಿ ಕೂರಿಸಿರುತ್ತಾರೆ, ಅದು ಬರುವುದಿಲ್ಲ. ಅದನ್ನು ಬಡ್ಸ್ ತುದಿಗೆ ಲೋಹದ ಪಾಲಿಷ್ ಹಚ್ಚಿ ಮೃದುವಾಗಿ ತಿರುಗಿಸಿ ಹೊಳಪು ಬರಿಸಬಹುದು. ಎಂಜಿನ್ ವಾಲ್ವ್ ಉಜ್ಜುವ ಪೇಸ್ಟ್ ಮಾತ್ರ ಹಚ್ಚಲೇಬಾರದು, ಹಿತ್ತಾಳೆ ಉಳಿಯುವುದಿಲ್ಲ.

ಫ್ಲೋಟ್ ಹಿತ್ತಾಳೆಯದಾದರೆ ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ತೂತಾಗಿದೆ. ಒಲೆಯಿಂದ ದೂರ ತಂದ ಬಿಸಿನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಏಳುವ ಜಾಗವೇ ತೂತು. ಒಳಗಿನ ಪೆಟ್ರೋಲ್ ಪೂರ್ತಿ ಆರಿ, ವಾಸನೆಯೂ ಹೋಗುವವರೆಗೆ ಬೆಸುಗೆಯ ಮಾತೇ ಎತ್ತಬಾರದು. ಬೆಸುಗೆ ಸೀಸ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ತೂಕ ಹೆಚ್ಚಿದ ಫ್ಲೋಟ್ ಆಳಕ್ಕೆ ಮುಳುಗುತ್ತದೆ, ನೀಡಲ್ ತಡವಾಗಿ ಮುಚ್ಚುತ್ತದೆ, ರಿಪೇರಿಯ ನಂತರವೂ ಓವರ್‌ಫ್ಲೋ ಮುಂದುವರಿಯುತ್ತದೆ. ಫ್ಲೋಟ್ ಪಿನ್ ಬಿಗಿಯಾಗಿದ್ದರೆ ಸುತ್ತಿಗೆಯಿಂದ ಹೊಡೆಯಬೇಡಿ. ಪಿನ್ ಹಿಡಿದಿರುವ ಎರಡು ಪುಟ್ಟ ಕಂಬಗಳಲ್ಲಿ ಒಂದು ಮುರಿದರೆ ಒಳ್ಳೆಯ ಬಾಡಿಯೇ ದಂಡ. ಕಂಬಕ್ಕೆ ಹಿಂದಿನಿಂದ ಆನಿಕೆ ಕೊಟ್ಟು ಸಣ್ಣ ಪಂಚಿನಿಂದ ನಿಧಾನವಾಗಿ ತಳ್ಳಬೇಕು.

ಫ್ಲೋಟ್ ಎತ್ತರ ಅಳೆಯುವಾಗ ಪ್ಯಾಕಿಂಗ್ ತೆಗೆದು, ಕಾರ್ಬುರೇಟರನ್ನು ತಲೆಕೆಳಗಾಗಿಸಿ, ನಾಲಿಗೆ ನೀಡಲ್‌ನ ಪಿನ್ನನ್ನು ಮುಟ್ಟಿ ಸ್ಪ್ರಿಂಗ್ ಮಾತ್ರ ಕುಗ್ಗದಷ್ಟು ವಾಲಿಸಬೇಕು. ಕಪ್ ಕೂರುವ ಮುಖದಿಂದ ಫ್ಲೋಟಿನ ಅತಿ ದೂರದ ತುದಿಗೆ ಎಷ್ಟು ಮಿಲಿಮೀಟರ್ ಎಂಬುದು ಆಯಾ ಬೈಕಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿದೆ. ಒಂದು ಮಾದರಿಯ ಅಳತೆ ಇನ್ನೊಂದಕ್ಕೆ ನಡೆಯದು. ಅಳತೆ ಹೆಚ್ಚಿದರೆ ಪೆಟ್ರೋಲ್ ಮಟ್ಟ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಇದನ್ನು ತಿರುಗುಮುರುಗು ತಿಳಿದು ಬಗ್ಗಿಸುವವರೇ ಹೆಚ್ಚು. ಬಗ್ಗಿಸಬೇಕಾದ್ದು ನಾಲಿಗೆಯನ್ನು ಮಾತ್ರ, ಅದೂ ಫ್ಲೋಟ್ ಕಳಚಿ ಕೈಯಲ್ಲಿ ಹಿಡಿದು. ಜೋಡಿಸಿಟ್ಟಂತೆಯೇ ಒತ್ತಿದರೆ ನೀಡಲ್‌ನ ತುದಿ ಜಜ್ಜಿಹೋಗುತ್ತದೆ.

ನೀಡಲ್, ಸೀಟ್, ಎತ್ತರ ಎಲ್ಲ ಸರಿಯಿದ್ದೂ ಓವರ್‌ಫ್ಲೋ ಹನಿಯುತ್ತಿದ್ದರೆ ಕಪ್ಪನ್ನೇ ಅನುಮಾನಿಸಬೇಕು. ಕಪ್ಪಿನೊಳಗೆ ನಿಂತಿರುವ ಓವರ್‌ಫ್ಲೋ ಕೊಳವೆಯ ಉದ್ದಕ್ಕೆ ಕೂದಲೆಳೆಯಷ್ಟು ಬಿರುಕು ಬಂದಿರಬಹುದು. ಕಪ್ಪನ್ನು ಬಿಡಿಯಾಗಿ ಹಿಡಿದು, ಕೊಳವೆಯ ಬಾಯಿಗಿಂತ ಕೆಳಗೆ ನಿಲ್ಲುವಷ್ಟು ಸೀಮೆಎಣ್ಣೆ ಹಾಕಿ ಹತ್ತು ನಿಮಿಷ ಕಾದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಕಪ್ಪಿನ ಪ್ಯಾಕಿಂಗ್ ಸೋರಿಕೆಗೆ ಸಿಲಿಕಾನ್ ಪೇಸ್ಟ್ ಬಳಿಯುವುದು ಮದ್ದಲ್ಲ. ಪೆಟ್ರೋಲ್‌ಗೆ ಅದು ಉಬ್ಬಿ, ಚೂರುಗಳಾಗಿ ಕಳಚಿ ಜೆಟ್‌ಗೆ ಹೋಗಿ ಕೂರುತ್ತದೆ. ಅತಿಯಾಗಿ ಬಿಗಿದು ಕಪ್ಪಿನ ಅಂಚು ಸೊಟ್ಟಗಾಗಿದ್ದರೆ, ದಪ್ಪ ಗಾಜಿನ ಮೇಲೆ 400 ನಂಬರ್ ಎಮರಿ ಪೇಪರ್ ಹಾಸಿ, ಕಪ್ಪನ್ನು ಎಂಟರ ಆಕಾರದಲ್ಲಿ ಹಗುರವಾಗಿ ಉಜ್ಜಿ ಮಟ್ಟ ಮಾಡಬಹುದು. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಜಪಾನ್ ಮಾದರಿಯ ಕಾರ್ಬುರೇಟರ್‌ಗಳ ಸ್ಕ್ರೂ ತಲೆಗೆ ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರ್ ಪೂರ್ತಿ ಕೂರುವುದಿಲ್ಲ, ತಲೆ ಸವೆಯುವುದು ಅದರಿಂದಲೇ. ಜೆಐಎಸ್ (ಜಪಾನಿನ ಮಾನದಂಡ) ಗುರುತಿನ ಸ್ಕ್ರೂಡ್ರೈವರ್ ಸಿಗುತ್ತದೆ, ಒಂದು ತಂದಿಟ್ಟುಕೊಳ್ಳುವುದು ಲೇಸು.

ತೊಳೆಯುವಾಗ ರಬ್ಬರ್, ಪ್ಲಾಸ್ಟಿಕ್ ಭಾಗಗಳನ್ನೆಲ್ಲ ಮೊದಲೇ ಬೇರೆ ಇಡಬೇಕು. ಗಾಳಿಯ ಪ್ರಮಾಣ ಹೊಂದಿಸುವ ಏರ್ ಸ್ಕ್ರೂ ತೆಗೆಯುವ ಮುನ್ನ ಪೂರ್ತಿ ಒಳಗೆ ತಿರುಗಿಸಿ ಎಷ್ಟು ಸುತ್ತು ಬಂತೆಂದು ಬರೆದಿಡಿ. ತಳ ಮುಟ್ಟಿದ ಮೇಲೆ ಬಿಗಿಯಬಾರದು, ತುದಿ ಮುರಿದು ತೂತಿನಲ್ಲೇ ಉಳಿಯುತ್ತದೆ. ಜೆಟ್ ತೂತಿಗೆ ತಂತಿ ಹಾಕುವ ಅಭ್ಯಾಸ ಬಿಡಬೇಕು. ತೂತು ಒಂದಿಷ್ಟು ಅಗಲವಾದರೂ ಮೈಲೇಜ್ ಇಳಿಯುತ್ತದೆ, ಪ್ಲಗ್ ಕಪ್ಪಾಗುತ್ತದೆ. ಮೀನು ಹಿಡಿಯುವ ನೈಲಾನ್ ದಾರದ ತುಂಡು, ಆಮೇಲೆ ಪಂಕ್ಚರ್ ಅಂಗಡಿಯ ಗಾಳಿ ಸಾಕು.

ಜೋಡಿಸಿದ ಮೇಲೆ ನೇರ ಬೈಕಿಗೆ ಹಾಕದೆ, ಹೊರಗಡೆ ಸ್ಟ್ಯಾಂಡಿಗೆ ಬಿಗಿದು, ಒಂದಡಿ ಮೇಲೆ ತೂಗುಹಾಕಿದ ಬಾಟಲಿಯಿಂದ ಪೆಟ್ರೋಲ್ ಬಿಟ್ಟು ಅರ್ಧ ಗಂಟೆ ನೋಡಬೇಕು. ಟ್ಯಾಂಕಿನಿಂದ ಬರುವ ಒತ್ತಡ ಹೆಚ್ಚೂ ಕಡಿಮೆ ಅಷ್ಟೇ. ಡ್ರೈನ್ ತೂತಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ ಕಪ್ಪಿನ ಪಕ್ಕ ನೆಟ್ಟಗೆ ಹಿಡಿದರೆ ಒಳಗಿನ ಮಟ್ಟ ಕಣ್ಣಿಗೇ ಕಾಣುತ್ತದೆ. ಅದು ಕಪ್ ಸೇರುವ ಗೆರೆಗಿಂತ ಕೆಳಗೆ ಬಂದು ನಿಲ್ಲಬೇಕು. ನಿಲ್ಲದೆ ಏರುತ್ತಲೇ ಇದ್ದರೆ ನೀಡಲ್ ಮುಚ್ಚುತ್ತಿಲ್ಲ.

ಈಗ ಎಥೆನಾಲ್ ವಿಚಾರ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20, ಅಂದರೆ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಈಗ ಬಂಕ್‌ಗಳಲ್ಲಿ ಮಾಮೂಲಿಯಾಗಿದೆ. ಹಳೆಯ ಬೈಕಿನ ರಬ್ಬರ್ ಇದಕ್ಕೆಂದು ಮಾಡಿದ್ದಲ್ಲ. ಕೆಲವು ರಬ್ಬರ್ ಉಬ್ಬುತ್ತವೆ, ಕೆಲವು ಗಡುಸಾಗಿ ಬಿರಿಯುತ್ತವೆ. ಕಪ್ಪಿನಿಂದ ತೆಗೆದ ಓ-ರಿಂಗ್ (ರಬ್ಬರ್ ಬಳೆ) ಉಬ್ಬಿ ಮತ್ತೆ ತನ್ನ ತೋಡಿನಲ್ಲಿ ಕೂರದಿರುವುದು ಇದರಿಂದಲೇ. ಎಥೆನಾಲ್ ಟ್ಯಾಂಕಿನ ಹಳೆಯ ಅಂಟು, ಕಿಲುಬನ್ನು ಸಡಿಲಿಸಿ ಕೆಳಗೆ ಕಳಿಸುತ್ತದೆ. ನೀಡಲ್ ತುದಿಯಲ್ಲಿ ಒಂದು ಕಣ ಸಿಕ್ಕಿದರೂ ಸೋರಿಕೆ ಶುರು. ಹಾಗಾಗಿ ಟ್ಯಾಂಕ್ ತೊಳೆದು ಫಿಲ್ಟರ್ ಹಾಕದೆ ಕಾರ್ಬುರೇಟರ್ ಒಂದನ್ನೇ ರಿಪೇರಿ ಮಾಡಿದರೆ ಕೆಲಸ ಅರ್ಧ. ಎಥೆನಾಲ್ ನೀರನ್ನೂ ಹೀರುತ್ತದೆ. ನೀರು ಹೆಚ್ಚಾದಾಗ ಬೇರ್ಪಟ್ಟು ಕಪ್ಪಿನ ತಳ ಸೇರಿ ಲೋಹವನ್ನು ತಿಂದು ಬಿಳಿ ಪುಡಿ ಕಟ್ಟಿಸುತ್ತದೆ. ಮಳೆಗಾಲದಲ್ಲಿ ಬೈಕನ್ನು ತಿಂಗಳುಗಟ್ಟಲೆ ನಿಲ್ಲಿಸುವವರು ಕಾಕ್ ಮುಚ್ಚಿ ಕಪ್ ಬರಿದು ಮಾಡಿಡಬೇಕು.

ಎಥೆನಾಲ್ ತಾಳುವ ರಬ್ಬರ್ ಇಲ್ಲವೇ ಇಲ್ಲ ಎಂದಲ್ಲ, ವೈಟಾನ್ ಎಂದು ಕರೆಯುವ ಫ್ಲೋರೋ ರಬ್ಬರ್ ಇದನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಅಂಗಡಿಯ ರಿಪೇರಿ ಕಿಟ್ ಪೊಟ್ಟಣದ ಮೇಲೆ ಒಳಗಿರುವ ರಬ್ಬರ್ ಯಾವುದೆಂದು ಬರೆದಿರುವುದು ಅಪರೂಪ. ಗಿರಾಕಿಗೆ ಉಳಿದಿರುವ ದಾರಿ ಒಂದೇ. ಕಿಟ್ಟಿನ ಓ-ರಿಂಗನ್ನು ಮುಚ್ಚಳವಿರುವ ಗಾಜಿನ ಡಬ್ಬಿಯಲ್ಲಿ ಪೆಟ್ರೋಲ್ ಹಾಕಿ ಒಂದು ದಿನ ಮುಳುಗಿಸಿಟ್ಟು, ಮರುದಿನ ಕಪ್ಪಿನ ತೋಡಿನಲ್ಲಿ ಕೂರುತ್ತದೆಯೇ ನೋಡುವುದು. ಈ ಪರೀಕ್ಷೆ ಮಾಡಬೇಕಾದವರು ಕೊಳ್ಳುವವರಲ್ಲ, ತಯಾರಕರು. ಇ20 ಬಂಕಿಗೆ ತಂದ ಮೇಲೆ, ಕಾರ್ಬುರೇಟರ್ ಕಿಟ್‌ಗಳ ಮೇಲೆ ರಬ್ಬರಿನ ಹೆಸರು, ಎಷ್ಟು ಎಥೆನಾಲ್ ತಾಳುತ್ತದೆ ಎಂಬುದನ್ನು ಮುದ್ರಿಸುವುದು ಕಡ್ಡಾಯವಾಗಬೇಕು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಜಾರಿಯಾದ ಮೇಲೆ ಹೊಸ ಬೈಕುಗಳು ಬಹುತೇಕ ಫ್ಯುಯೆಲ್ ಇಂಜೆಕ್ಷನ್‌ಗೆ ತಿರುಗಿದವು, ಹೊಸದಾಗಿ ಕೆಲಸ ಕಲಿಯುವ ಹುಡುಗರಿಗೆ ಕಾರ್ಬುರೇಟರ್ ಕೈಗೆ ಸಿಗುವುದೇ ಕಡಿಮೆಯಾಗಿದೆ. ಐಟಿಐಗಳಲ್ಲಿ ಬೈಕ್ ರಿಪೇರಿ ಕಲಿಸುವವರು ಫ್ಲೋಟ್ ಎತ್ತರ ಅಳೆಯುವುದನ್ನೂ ಸೀಟ್ ಪರೀಕ್ಷಿಸುವುದನ್ನೂ ಪ್ರಾಯೋಗಿಕ ತರಗತಿಯಲ್ಲಿ ಉಳಿಸಿಕೊಳ್ಳಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿ.

— ಓದುಗ, ಮೈಸೂರು