ಗೋವಾ ಸ್ಪರ್ಧೆಗೆ ಹೊರಡುವವರ ಗಮನಕ್ಕೆ

ಎಲ್ಲ ಸದಸ್ಯರಿಗೆ ನಮಸ್ಕಾರ.

ಗೋವಾದ ಐರನ್‌ಮ್ಯಾನ್ 70.3 (ಈಜು, ಸೈಕಲ್, ಓಟ ಸೇರಿ ಒಟ್ಟು 70.3 ಮೈಲಿ) ಸ್ಪರ್ಧೆಯಲ್ಲಿ ತಮ್ಮ ಹಿಂದಿನ ಅತ್ಯುತ್ತಮ ಸಮಯವನ್ನು ಮೀರಲು ಸಿದ್ಧರಾಗುತ್ತಿರುವ ಸದಸ್ಯರೆಲ್ಲರೂ ಈ ಭಾನುವಾರ ಬೆಳಿಗ್ಗೆ 6 ಗಂಟೆಗೆ ಸೈಕಲ್ ಮತ್ತು ಓಟದ ಬೂಟುಗಳೊಂದಿಗೆ ಎಂದಿನ ಸ್ಥಳಕ್ಕೆ ಬರಬೇಕೆಂದು ಕೋರುತ್ತೇನೆ. ಮೀರಾಮಾರ್ ಕಡಲಿನಲ್ಲಿ 1.9 ಕಿ.ಮೀ. ಈಜು, ಬಳಿಕ 90 ಕಿ.ಮೀ. ಸೈಕಲ್, ಕೊನೆಗೆ 21.1 ಕಿ.ಮೀ. ಓಟವಿರುವ ಈ ಸ್ಪರ್ಧೆಯಲ್ಲಿ ಒಂದು ಹಂತದಿಂದ ಇನ್ನೊಂದಕ್ಕೆ ಸಜ್ಜಾಗುವ ಹೊತ್ತೂ ಒಟ್ಟು ಸಮಯಕ್ಕೆ ಸೇರುವುದರಿಂದ, ಅಂದು ಅದನ್ನೇ ಮುಖ್ಯವಾಗಿ ಅಭ್ಯಾಸ ಮಾಡೋಣ. ಸೈಕಲ್ಲಿನಲ್ಲಿ ಅತಿಯಾಗಿ ಶಕ್ತಿ ವ್ಯಯಿಸಿದವರು ಅಲ್ಲಿಯ ಸೆಕೆಯಲ್ಲಿ ಓಡುವಾಗ ಗಳಿಸಿದ್ದಕ್ಕಿಂತ ಹೆಚ್ಚು ನಿಮಿಷಗಳನ್ನು ಕಳೆದುಕೊಳ್ಳಬಹುದು. ಇದನ್ನು ದಯವಿಟ್ಟು ಗಂಭೀರವಾಗಿ ಪರಿಗಣಿಸಿ. ಸ್ಪರ್ಧೆಯ ದಿನ ಬಳಸಲಿರುವ ಪಾನೀಯ ಮತ್ತು ಶಕ್ತಿಗಾಗಿ ಸೇವಿಸುವ ಜೆಲ್‌ಗಳನ್ನೇ ತನ್ನಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ತಮ್ಮ ಹೆಸರು ಮತ್ತು ಗುರಿಯ ಸಮಯವನ್ನು ಇಲ್ಲಿಯೇ ತಿಳಿಸಬೇಕಾಗಿ ವಿನಂತಿ.